ಬಂತು, ಬಿಟ್ಟೆ

ಮಾವ ಟೀ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಕುಡಿಯಲು ಶುರುಮಾಡಿ ಐದು ತಿಂಗಳಾಗಿತ್ತು. ಮೊದಲ ವಾರ ನಮ್ಮ ಕಂಪನಿ ಬಸ್ಸಿನ ಡ್ರೈವರ್ ತಮಾಷೆ ಮಾಡಿದ. "ಯಾಕ್ ಮಾವ, ಲೋಟಕ್ಕೇನು ಕಾಲು ಬಂದಿದ್ಯಾ, ಓಡಿಹೋಗುತ್ತಾ?" ಮಾವನೂ ನಕ್ಕರು. ಎರಡನೆಯ ವಾರ ಯಾರೂ ಆ ಮಾತು ಎತ್ತಲಿಲ್ಲ. ಡ್ರೈವರನ ಎರಡು ವರ್ಷದ ಮಗಳು ಎಂದಿನ ಹಾಗೆ ಕೈ ಎರಡೂ ಮೇಲೆತ್ತಿಕೊಂಡು ಓಡಿಬಂದಾಗ, ಮಾವ ಅವಳನ್ನು ಎತ್ತಿಕೊಳ್ಳದೆ ತಾವೇ ನೆಲದ ಮೇಲೆ ಕೂತು, "ಬಾರಮ್ಮ, ನೀನೇ ತೊಡೆ ಮೇಲೆ ಹತ್ಕೋ" ಎಂದರು. ಅದನ್ನು ಎಲ್ಲರೂ ನೋಡಿದೆವು. ನಿಜವಾದ ಕಾರಣ ಗೊತ್ತಿದ್ದವನು ನಾನೊಬ್ಬನೇ.

ಮಾವ ಸಂಬಂಧದಲ್ಲಿ ನನಗೇನೂ ಆಗಬೇಕಾದವರಲ್ಲ. ಈ ದೇಶಕ್ಕೆ ಬರುವಾಗ ಅವರ ಜತೆ ಅವರ ಅಕ್ಕನ ಮಗ ಬಂದಿದ್ದ. ಬಿಸಿಲಿಗೆ ಬೆದರಿ ಅವನು ಆರೇ ತಿಂಗಳಿಗೆ ಗಂಟುಮೂಟೆ ಕಟ್ಟಿದ. ಅವನು ಕರೆಯುತ್ತಿದ್ದ ಹೆಸರು ಇಲ್ಲೇ ಉಳಿಯಿತು. ನಮ್ಮ ಗ್ಯಾಂಗಿನಲ್ಲಿ ಕನ್ನಡದ ಗಾಳಿ ಸೋಕದವರೂ ಅವರನ್ನು ಮಾವ ಎಂದೇ ಕರೆಯುತ್ತಾರೆ. ನನ್ನನ್ನು ಕಡ್ಡಿ ಅನ್ನುತ್ತಾರೆ. ಯಾಕೆ ಅಂತ ನನ್ನನ್ನು ನೋಡಿದವರು ಕೇಳುವುದಿಲ್ಲ.

ನಮ್ಮದು ಸಾರುವೆ ಕಟ್ಟುವ ಕೆಲಸ. ದೊಡ್ಡ ಕಟ್ಟಡ ಏಳುವಾಗ ಅದರ ಸುತ್ತ ಕಬ್ಬಿಣದ ಪೈಪು, ಹಲಗೆ, ಕ್ಲಾಂಪು ಸೇರಿಸಿ ಇನ್ನೊಂದು ಕಟ್ಟಡ ಏಳುತ್ತದಲ್ಲ, ಅದು ನಾವು ಕಟ್ಟುವುದು. ಕೆಲಸ ಮುಗಿದ ಮೇಲೆ ಬಿಚ್ಚಿ ತೆಗೆಯುವುದೂ ನಾವೇ. ಕಟ್ಟಡ ನೋಡಿದವರು ಗಾರೆಯವನನ್ನು ಹೊಗಳುತ್ತಾರೆ, ಬಣ್ಣದವನನ್ನು ಹೊಗಳುತ್ತಾರೆ; ನಮ್ಮ ಕೆಲಸ ಚೆನ್ನಾಗಿ ಆಗಿದೆ ಅಂದರೆ ಅಲ್ಲಿ ನಮ್ಮದೇನೂ ಉಳಿದಿಲ್ಲ ಅಂತ ಅರ್ಥ.

ಈ ಕೆಲಸದಲ್ಲಿ ಒಂದು ಕಟ್ಟಳೆ ಇದೆ. ಬಿಚ್ಚುವಾಗ ಮೇಲಿನ ಅಂತಸ್ತಿನವನು ಪೈಪನ್ನು ಕೆಳಗಿನವನ ಕೈಗೆ ಇಳಿಸಿಕೊಡುತ್ತಾನೆ. ಅವನ ಕಣ್ಣಿಗೆ ಇವನ ಕೈ ಕಾಣುವುದಿಲ್ಲ, ನಡುವೆ ಹಲಗೆ. ಹಾಗಾಗಿ ಕೆಳಗಿನವನು ಹಿಡಿದ ಮೇಲೆ ಬಾಯಿಬಿಟ್ಟು ಹೇಳಬೇಕು. ಅದನ್ನು ಕೇಳಿದ ಮೇಲೆ ಮೇಲಿನವನು ಬಿಡಬೇಕು, ಬಿಟ್ಟೆ ಅಂತ ಅವನೂ ಹೇಳಬೇಕು. ಮಾವನೂ ನಾನೂ ಹನ್ನೊಂದು ವರ್ಷದಿಂದ ಜೋಡಿ. "ಬಂತು" ಅಂತ ಒಬ್ಬರು, "ಬಿಟ್ಟೆ" ಅಂತ ಇನ್ನೊಬ್ಬರು. ನಮ್ಮದನ್ನು ಕೇಳಿ ಕೇಳಿ ನಾಲ್ಕು ದೇಶದ ಹುಡುಗರು ಸೇರಿದ ಇಡೀ ಗ್ಯಾಂಗೇ ಬಂತು, ಬಿಟ್ಟೆ ಅನ್ನತೊಡಗಿತು. ಫೋರ್‌ಮನ್‌ಗೆ ಕನ್ನಡದಲ್ಲಿ ಬರುವುದು ಮೂರೇ ಮಾತು: ಬಂತು, ಬಿಟ್ಟೆ, ಮಾವ.

ಹನ್ನೊಂದು ವರ್ಷ ಒಂದೇ ಕೆಲಸ ಒಂದೇ ಜೋಡಿಯಲ್ಲಿ ಮಾಡಿದರೆ ಏನಾಗುತ್ತದೆ ಗೊತ್ತೇ? ಕಿವಿ ಕಾಯುವುದನ್ನು ಮರೆಯುತ್ತದೆ. ಪೈಪು ಮಾವನ ಕೈ ಸೇರಿದ್ದು ನನ್ನ ಅಂಗೈಗೇ ತಿಳಿಯುತ್ತಿತ್ತು. ತುದಿ ಒಂದಿಷ್ಟು ಹಗುರಾಗುತ್ತದೆ. ಅವರ ಬಂತು, ನನ್ನ ಬಿಟ್ಟೆ ಬರಬರುತ್ತಾ ಒಟ್ಟೊಟ್ಟಿಗೇ ಕೇಳಿಸುತ್ತಿದ್ದವು. ಹೊಸಬರು ನಮ್ಮ ಕೆಲಸ ನೋಡಲು ನಿಲ್ಲುತ್ತಿದ್ದರು. ನಮಗೂ ಒಳಗೊಳಗೇ ಜಂಬ.

ಐದು ತಿಂಗಳ ಹಿಂದೆ, ಒಂದು ಸಂಜೆ, ಕೆಲಸ ಮುಗಿಯುವ ಹೊತ್ತು. ಕೆಳಗೆ ಡ್ರೈವರ್ ಬಸ್ಸಿನ ಹಾರನ್ ಹೊಡೆಯುತ್ತಿದ್ದ. ಆ ದಿನದ ಕೊನೆಯ ಪೈಪು. ಇಳಿಸಿದೆ. ತುದಿ ಹಗುರಾದಂತೆ ಅನ್ನಿಸಿತು, ಗಾಳಿಗೋ ಏನೋ. "ಬಿಟ್ಟೆ" ಅಂದೆ, ಬಿಟ್ಟೆ. ಆ ಕ್ಷಣ ಮಾವ ಸೊಂಟದ ಸ್ಪ್ಯಾನರಿಗೆ ಕೈ ಹಾಕಿದ್ದರು, ನನಗದು ತಿಳಿದದ್ದು ಆಮೇಲೆ. ನನ್ನ 'ಬಿಟ್ಟೆ' ಕಿವಿಗೆ ಬಿದ್ದದ್ದೇ ಅವರ ಬಾಯಿ ಅಭ್ಯಾಸಬಲದಿಂದ "ಬಂತು" ಅಂದಿತು. ಪೈಪು ಅವರ ಬೆರಳು ಸವರಿಕೊಂಡು ಎಂಟು ಅಂತಸ್ತು ಕೆಳಗೆ ಹೋಯಿತು. ಸಿಮೆಂಟಿಗೆ ನೀರು ಹಾಯಿಸುತ್ತಿದ್ದವನಿಂದ ಒಂದು ಮಾರು ದೂರದಲ್ಲಿ ನೆಲಕ್ಕೆ ಬಡಿಯಿತು. ಯಾರಿಗೂ ಏನೂ ಆಗಲಿಲ್ಲ. ನೀರು ಹಾಯಿಸುತ್ತಿದ್ದವನು ರಬ್ಬರಿನ ನೀರ್ಪೈಪು ಹಿಡಿದುಕೊಂಡೇ ಕೂತುಬಿಟ್ಟ, ನೀರು ಅವನ ಮೇಲೇ ಸುರಿಯುತ್ತಿತ್ತು.

ಸೇಫ್ಟಿ ಆಫೀಸರ್ ಒಂದು ಫಾರಮ್ಮು ಹಿಡಿದು ಬಂದ. ಮಾವನನ್ನು ಕೇಳಿದ, "ಬಂತು ಅಂದೆಯಾ?" ಅಂದೆ, ಅಂದರು ಮಾವ. ನನ್ನನ್ನು ಕೇಳಿದ, "ಬಿಟ್ಟೆ ಅಂದೆಯಾ?" ಅಂದೆ. ಎರಡೂ ಕಡೆ ಗೀಟು ಹಾಕಿದ. ಯಾವುದು ಮೊದಲು ಅಂತ ಕೇಳುವ ಖಾನೆ ಆ ಫಾರಮ್ಮಿನಲ್ಲಿ ಇರಲಿಲ್ಲ. ಹಿಡಿದೆ ಅಂದವನ ಕೈಯಿಂದ ಜಾರಿದೆ, ಅಲ್ಲಿಗೆ ತಪ್ಪು ಕೈಯದು. ಮಾವನನ್ನು ಕೆಳಗೆ ಸ್ಟೋರಿಗೆ ಹಾಕಿದರು, ಕ್ಲಾಂಪು ಎಣಿಸಿ ಕೊಡುವುದಕ್ಕೆ.

ನಾನು ಬಾಯಿ ಬಿಡಲಿಲ್ಲ. ಆ ತಿಂಗಳು ನನ್ನ ಪರ್ಮಿಟ್ಟು ರಿನ್ಯೂ ಆಗಬೇಕಿತ್ತು. ಮೊದಲ ದಿನ ಅದು ಕಾರಣ. ಎರಡನೆಯ ದಿನದಿಂದ, ಮೊದಲ ದಿನ ಹೇಳಲಿಲ್ಲವಲ್ಲ ಅನ್ನುವುದೇ ಕಾರಣ.

ಬೆಟ್ಟಕ್ಕೆ ಹೋಗುವ ಯೋಚನೆ ಅತ್ತಿಗೆಯದು. ಅತ್ತಿಗೆ ಎಂದರೆ ಡ್ರೈವರನ ಹೆಂಡತಿ. ಮೂಳೆ ಡಾಕ್ಟರ ಕ್ಲಿನಿಕ್ಕಿನಲ್ಲಿ ನರ್ಸು. ಮಾವನ ಕೈಯನ್ನು ಅವರೇ ಡಾಕ್ಟರಿಗೆ ತೋರಿಸಿದ್ದರು. ಹಿಡಿತ ಅಳೆಯುವ ಯಂತ್ರವನ್ನು ಮಾವ ಹಿಂಡಿದ್ದಕ್ಕೆ ಮುಳ್ಳು ಎಲ್ಲಿಗೋ ಹೋಯಿತಂತೆ.

"ಕೈಗೇನೂ ಆಗಿಲ್ಲ. ನಮ್ಮ ಯಜಮಾನ್ರದ್ದಕ್ಕಿಂತ ಒಂದೂವರೆ ಪಟ್ಟು ಬಲ ಇದೆ" ಎಂದರು ಅತ್ತಿಗೆ.

"ನನ್ನನ್ನ್ಯಾಕೆ ಅಳತೆಗೋಲು ಮಾಡ್ತೀಯೇ" ಅಂದ ಡ್ರೈವರ್.

"ಯಂತ್ರ ಹಿಂಡೋದು ಬೇರೆ ತಾಯಿ" ಎಂದರು ಮಾವ. "ಹಿಡಿದಿದ್ದೀನಿ ಅಂತ ನಾನೇ ಹೇಳಿದೆ. ಹೇಳಿದ್ಮೇಲೂ ಕೈ ಬಿಡ್ತು. ನಾಳೆ ಇನ್ನೊಬ್ಬನ ತಲೆ ಮೇಲೆ ಬಿಟ್ರೆ?"

ಅಷ್ಟರಲ್ಲಿ ಫೋರ್‌ಮನ್ ಒಂದು ಕಾಗದ ಕೊಟ್ಟಿದ್ದ. ಸ್ಟೋರ್ ಕೆಲಸವನ್ನೇ ಕಾಯಂ ಮಾಡಿಕೊಳ್ಳುತ್ತೇನೆ ಎಂದು ಮಾವ ಸಹಿ ಹಾಕಬೇಕು, ಇಲ್ಲ ಮೇಲೆ ಹತ್ತಬೇಕು. ಎರಡು ದಿನದ ರಜೆ ಮುಗಿಸಿ ಬಂದಾಗ ತಿಳಿಸಬೇಕು. ಒಮ್ಮೆ ಸಹಿ ಬಿದ್ದರೆ ಮತ್ತೆ ಸಾರುವೆ ಹತ್ತುವ ಹಾಗಿಲ್ಲ. ಮಾವ ಆ ಕಾಗದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದರು.

ಸಾರುವೆಯ ಮೇಲಿನಿಂದ ನೋಡಿದರೆ ಊರಿನ ಆಚೆಗೆ ಒಂದು ಬೋಳು ಬೆಟ್ಟ ಕಾಣುತ್ತಿತ್ತು. ಎಂಟನೆಯ ಅಂತಸ್ತಿಗೆ ಹತ್ತಿದರೆ ಅದು ನಮ್ಮ ಹೆಗಲಿಗೆ ಸಮವಾಗಿ ನಿಂತ ಹಾಗಿರುತ್ತಿತ್ತು. ಒಂದಿನ ಅದನ್ನೂ ಹತ್ತಿಬಿಡೋಣ ಕಣೋ ಎಂದು ಮಾವ ಹನ್ನೊಂದು ವರ್ಷದಿಂದ ಹೇಳುತ್ತಲೇ ಇದ್ದರು.

"ಅದರ ಕೊನೇಲಿ ಸರಪಳಿ ಹಿಡಿದು ಹತ್ತೋ ಬಂಡೆ ಇದೆಯಂತೆ. ಮಾವ ಅದನ್ನ ಹತ್ತಲಿ. ಆಮೇಲೆ ಸಹಿ ಹಾಕೋದೋ ಬಿಡೋದೋ ಅವರಿಗೇ ಗೊತ್ತಾಗುತ್ತೆ" ಎಂದರು ಅತ್ತಿಗೆ.

ಮಾವ ಇಲ್ಲ ಅನ್ನಲಿಲ್ಲ. ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು, ರಜೆಯ ಎರಡನೆಯ ದಿನ ಬೆಳಕು ಹರಿಯುತ್ತಲೇ ನಾಲ್ವರೂ ಹೊರಟೆವು.

ಬೆಟ್ಟದ ಬುಡ ಜಲ್ಲಿಯ ಇಳಿಜಾರು. ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಕೆಳಕ್ಕೆ ಜಾರುತ್ತದೆ. ಡ್ರೈವರ್ ಕಾಲು ಗಂಟೆಗೇ ಒಂದು ಕಲ್ಲಿನ ಮೇಲೆ ಕೂತ.

"ನನ್ನ ಕಾಲು ದೇವರು ಕ್ಲಚ್ಚಿಗೆ, ಬ್ರೇಕಿಗೆ ಅಂತ ಕೊಟ್ಟಿದ್ದು. ನಡೆಯೋಕಲ್ಲ."

"ಹೊಟ್ಟೆ ಯಾವುದಕ್ಕೆ ಕೊಟ್ಟಿದ್ದು?" ಎಂದರು ಅತ್ತಿಗೆ.

"ಸ್ಟೇರಿಂಗ್ ಕೈತಪ್ಪಿದ್ರೆ ಹಿಡ್ಕೊಳ್ಳೋಕೆ."

ಮಾವ ಎಲ್ಲರಿಗಿಂತ ಮುಂದಿದ್ದರು. ಕೈ ಎರಡನ್ನೂ ಹಿಂದಕ್ಕೆ ಕಟ್ಟಿಕೊಂಡು ಬರಿಯ ಕಾಲಿನ ಲೆಕ್ಕದ ಮೇಲೆ ಹತ್ತುತ್ತಿದ್ದರು. ಪ್ರತಿ ಕಲ್ಲನ್ನೂ ಹಿಮ್ಮಡಿಯಿಂದ ಒಮ್ಮೆ ಒತ್ತಿ, ಅಲುಗುವುದಿಲ್ಲ ಅಂದಮೇಲೆ ಮೈಭಾರ ಹಾಕುವುದು. ಹಲಗೆಯ ಮೇಲೆ ನಡೆಯುವವರ ನಡಿಗೆ ಅದು. ನಾನೂ ಹಾಗೆಯೇ ನಡೆಯುತ್ತಿದ್ದೆ. ಹಿಂದೆ ನಿಂತು ನೋಡಿದವರಿಗೆ ಅಪ್ಪ ಮಗನೋ, ಅಣ್ಣ ತಮ್ಮನೋ ಅನ್ನಿಸಬೇಕು. ಅವರ ಬೆನ್ನ ಹಿಂದೆ ಕಟ್ಟಿದ ಆ ಕೈಗಳನ್ನು ನೋಡುತ್ತಾ ಎರಡು ಗಂಟೆ ಹತ್ತಿದೆ. ಹೇಳಿಬಿಡಬೇಕು ಎಂದು ಒಂದು ತಿರುವಿನಲ್ಲಿ ಅಂದುಕೊಂಡರೆ, ಬಂಡೆ ಹತ್ತಿಬಿಟ್ಟರೆ ಹೇಳುವ ಅಗತ್ಯವೇ ಇರುವುದಿಲ್ಲವಲ್ಲ ಎಂದು ಮುಂದಿನ ತಿರುವಿನಲ್ಲಿ ಅನ್ನಿಸುತ್ತಿತ್ತು. ಹಾಗಾಗಲಿ ಎಂದು ದೇವರಿಗೆ ಕೈಮುಗಿದದ್ದೂ ಉಂಟು. ನನಗೆ ಬೇಕಾದದ್ದು ಅದೇ: ಮಾವನ ಕೈ ವಾಪಸ್ಸು ಬರಬೇಕು, ನನ್ನ ಬಾಯಿ ಮುಚ್ಚಿಯೇ ಇರಬೇಕು.

ಬಂಡೆ ಬಂತು. ನಾಲ್ಕಾಳೆತ್ತರ, ಹೆಚ್ಚೂಕಡಿಮೆ ಗೋಡೆಯೇ. ಮೊಳೆ ಬಡಿದು ಸರಪಳಿ ಇಳಿಬಿಟ್ಟಿದ್ದರು. ಅರ್ಧ ದಾರಿಯಲ್ಲಿ ಒಬ್ಬರು ಮಂಡಿಯೂರಿ ಕೂರುವಷ್ಟು ಜಗುಲಿಯಂಥ ಜಾಗ. ಅತ್ತಿಗೆ ಸರಪಳಿ ಹಿಡಿದು ಸರಸರ ಹತ್ತಿದರು. ಡ್ರೈವರ್ ತನಗೆ ಗೊತ್ತಿದ್ದ ದೇವರನ್ನೆಲ್ಲ ಕರೆದು, ಅರ್ಧದಲ್ಲಿ ಗೊತ್ತಿಲ್ಲದವರನ್ನೂ ಕರೆದು, ಹೇಗೋ ಮೇಲೆ ಸೇರಿದ.

ನಾನು ಹೊತ್ತು ತಂದಿದ್ದ ನೀರಿನ ಬ್ಯಾಗನ್ನು ಕೆಳಗಿಟ್ಟು, ಜಗುಲಿಯವರೆಗೆ ಹತ್ತಿ ಕೂತು, ಬ್ಯಾಗು ಕೊಡಿ ಎಂದು ಕೈ ಇಳಿಬಿಟ್ಟೆ. ಮಾವ ಕೆಳಗಿನಿಂದ ಎತ್ತಿಕೊಟ್ಟರು. ಹಿಡಿದೆ.

"ಬಂತು" ಅಂದೆ.

ಬ್ಯಾಗು ಮೇಲೆ ಬರಲಿಲ್ಲ.

"ಬಂತು ಮಾವ. ಬಿಡಿ."

"ಗಟ್ಟಿಯಾಗಿ ಹಿಡಿದಿದ್ದೀಯಾ?"

"ಹಿಡಿದಿದ್ದೀನಿ."

"ಸರಿಯಾಗಿ ನೋಡ್ಕೋ."

"ನೋಡಿದೀನಿ ಮಾವ."

ಅವರು ಬಿಡಲಿಲ್ಲ. ನಾನು ತುದಿಯಿಂದ ಬಗ್ಗಿ ನೋಡಿದೆ. ಮಾವ ಬ್ಯಾಗಿನ ಬುಡವನ್ನು ಎರಡು ಕೈಯಲ್ಲಿ ಟೀ ಲೋಟದ ಹಾಗೆ ಹಿಡಿದು ನಿಂತಿದ್ದರು. ಹಣೆಯ ಬೆವರು ಕಣ್ಣಿಗೆ ಇಳಿಯುತ್ತಿದ್ದರೂ ಒರೆಸಿಕೊಳ್ಳಲು ಒಂದು ಕೈ ಬಿಡಲಾರರು. ಕಡೆಗೆ ಬ್ಯಾಗನ್ನು ಮೆಲ್ಲಗೆ ಕೆಳಕ್ಕೇ ಎಳೆದುಕೊಂಡು ನೆಲದ ಮೇಲಿಟ್ಟರು.

"ನೀವು ಮೂವರು ಹೋಗ್ಬನ್ನಿ ಕಣೋ. ನಾನು ಇಲ್ಲೇ ಕೂತಿರ್ತೀನಿ. ಬ್ಯಾಗಿನ ಕತೆಯೇ ಹೀಗೆ, ಇನ್ನು ಮೈ ಹೊತ್ತು ಸರಪಳಿ ಹಿಡಿಯೋದೆಲ್ಲಿ ಬಂತು. ಅತ್ತಿಗೆಗೆ ಬೇಜಾರು ಮಾಡ್ಕೋಬೇಡಿ ಅನ್ನು." ಜೇಬಿನಿಂದ ಆ ಕಾಗದ ತೆಗೆದರು. "ಪೆನ್ನಿದ್ಯಾ? ಇರಲಿ ಬಿಡು, ಮನೇಲೇ ಹಾಕಿದ್ರಾಯ್ತು."

ಮೇಲಿನಿಂದ ಡ್ರೈವರ್ ಕೂಗಿದ. "ಏನ್ರಪ್ಪಾ, ಅಲ್ಲೇ ಮನೆ ಮಾಡ್ಕೊಂಡ್ರಾ?"

ನಾನು ಸರಪಳಿ ಹಿಡಿದು ಕೆಳಗಿಳಿದೆ. ಮಾವನ ಪಕ್ಕ ಕೂತೆ. ಬಂಡೆಯ ನೆರಳು ಇಬ್ಬರಿಗಾಗುವಷ್ಟಿತ್ತು.

"ಮಾವ, ಆವತ್ತು ನಿಮ್ಮ ಕೈ ಜಾರಲಿಲ್ಲ."

"ಬಿಡೋ. ಸಮಾಧಾನದ ಮಾತು ಬೇಡ. ಅತ್ತಿಗೇದೇ ಸಾಕಷ್ಟಾಗಿದೆ."

"ನಾನು ಮೊದಲು ಬಿಟ್ಟೆ ಅಂದೆ. ನೀವು ಬಂತು ಅಂದಿದ್ದು ಆಮೇಲೆ. ಪೈಪು ನಿಮ್ಮ ಕೈಗೆ ಬಂದೇ ಇರಲಿಲ್ಲ."

ಮಾವ ಕಾಗದವನ್ನು ಮಡಚುತ್ತಿದ್ದವರು ನಿಲ್ಲಿಸಿದರು.

"ಇನ್ನೊಂದು ಸಲ ಹೇಳು."

ಹೇಳಿದೆ. ಹಾರನ್ನು, ಕೊನೆಯ ಪೈಪು, ತುದಿ ಹಗುರಾದ ಹಾಗೆ ಅನ್ನಿಸಿದ್ದು, ಎಲ್ಲ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಬಲಗೈ ತಾನಾಗಿ ಸೊಂಟಕ್ಕೆ ಹೋಯಿತು, ಸ್ಪ್ಯಾನರ್ ಇರುವ ಜಾಗಕ್ಕೆ. ಅಲ್ಲೇ ಸ್ವಲ್ಪ ಹೊತ್ತು ನಿಂತಿತು.

"ಸ್ಪ್ಯಾನರ್" ಎಂದರು. "ಹೌದು. ಕೈ ಇಲ್ಲಿತ್ತು."

 ನನಗೆ ಬೈಗುಳ ಬೇಕಾಗಿತ್ತು. ಹನ್ನೊಂದು ವರ್ಷದಲ್ಲಿ ಅವರ ಬೈಗುಳದ ರುಚಿ ನನಗೆ ಚೆನ್ನಾಗಿ ಗೊತ್ತು. ಬೈದರೆ ಸಂಜೆಗೆ ಮರೆಯುವವರು.

"ಐದು ತಿಂಗಳು" ಎಂದರು ಕಡೆಗೆ, ದನಿ ಏರಿಸದೆ. "ಐದು ತಿಂಗಳು ಎರಡು ಕೈಯಲ್ಲಿ ಲೋಟ ಹಿಡಿದು ಟೀ ಕುಡಿದೆ. ನೀನು ಎದುರಿಗೇ ಕೂತು ಟೀ ಕುಡಿದೆ."

"ಹೌದು ಮಾವ."

"ಆ ಮಗೂನ ಎತ್ಕೊಳ್ಳಲಿಲ್ಲ ನಾನು."

"ಹೌದು."

"ಪೈಪು ಬಿಟ್ಟಿದ್ದು ದೊಡ್ಡದಲ್ಲ ಕಣೋ. ನಾನೂ ನೀನೂ ಕಾಯೋದು ಬಿಟ್ಟು ಎಷ್ಟೋ ವರ್ಷ ಆಗಿತ್ತು. ಆವತ್ತು ನೀನು, ಇನ್ನೊಂದಿನ ನಾನು. ಅದು ಇಬ್ಬರದ್ದೂ." ಎದ್ದು ನಿಂತರು. "ಆದರೆ ಆಮೇಲಿನದ್ದು ನಿನ್ನೊಬ್ಬಂದೇ."

ಕಾಗದವನ್ನು ಹರಿಯಲಿಲ್ಲ, ಬಿಸಾಡಲೂ ಇಲ್ಲ. ಮತ್ತೆ ಜೇಬಿಗೇ ಹಾಕಿದರು. ಹೋಗಿ ಸರಪಳಿಯನ್ನು ಬಲಗೈಯಲ್ಲಿ ಹಿಡಿದರು. ಎಳೆದು ನೋಡಿದರು. ಎಡಗೈ ಸೇರಿಸಿದರು, ಮತ್ತೆ ತೆಗೆದರು. ಬಲಗೈ ಒಂದರಲ್ಲೇ ಮೈಭಾರ ಹಾಕಿ ಜೋತು, ಹತ್ತು ಎಣಿಸುವಷ್ಟು ಹೊತ್ತು ಹಾಗೇ ಇದ್ದರು. ಮುಖ ಬಂಡೆಯ ಕಡೆಗಿತ್ತು, ನನಗೆ ಕಾಣಲಿಲ್ಲ. ಹೆಗಲು ಮಾತ್ರ ಅಲುಗುತ್ತಿತ್ತು. ಆಮೇಲೆ ಹತ್ತಿದರು, ಹತ್ತಿದ್ದು ಹಳೆಯ ಮಾವ, ಒಂದೊಂದು ಹಿಡಿತಕ್ಕೂ ಒಂದೊಂದು ಹೂಂ ಸೇರಿಸುತ್ತಾ.

ಜಗುಲಿ ಸೇರಿ ಕೂತರು. ತುದಿಯಾಚೆ ಅವರು ಕಾಣುತ್ತಿರಲಿಲ್ಲ. "ಕೊಡು" ಅನ್ನುವ ದನಿ ಬಂತು.

ನಾನು ಒಂದು ಕೈಯಲ್ಲಿ ಸರಪಳಿ ಹಿಡಿದು, ಎರಡು ಕಲ್ಲು ಮೇಲೇರಿ, ಇನ್ನೊಂದು ಕೈಯಲ್ಲಿ ಬ್ಯಾಗನ್ನು ತಲೆಯ ಮೇಲಕ್ಕೆ ಎತ್ತಿದೆ. ನಾಲ್ವರ ನೀರು ಅದರಲ್ಲೇ ಇತ್ತು. ಮೇಲಿನ ತುದಿ ಹಗುರಾಯಿತು. ಅಥವಾ ಹಾಗೆ ಅನ್ನಿಸಿತು. ನಾನು ಕಾದೆ.

ಮಾತು ಬರಲಿಲ್ಲ.

 ಬ್ಯಾಗಿನ ಪಟ್ಟಿ ಬೆರಳಿಗೆ ಕೊರೆಯುತ್ತಿತ್ತು. ಅವರು ಹಿಡಿದಿದ್ದಾರೆ ಅಂತ ನನ್ನ ಅಂಗೈ ಹೇಳುತ್ತಿತ್ತು. ಐದು ತಿಂಗಳ ಹಿಂದೆಯೂ ಅದು ಹಾಗೆಯೇ ಹೇಳಿತ್ತು. ಮೇಲಿನಿಂದ ಡ್ರೈವರ್, "ಬ್ಯಾಗಿನ ಜತೆ ಫೋಟೋ ತೆಗೆಸ್ಕೋತೀರೇನ್ರೋ?" ಎಂದ. ಅತ್ತಿಗೆ, "ರೀ, ಸುಮ್ನಿರಿ ಒಂದ್ನಿಮಿಷ" ಎಂದರು. ನಾನು ಬಂಡೆಗೆ ಕೆನ್ನೆಯೊತ್ತಿ ನಿಂತೇ ಇದ್ದೆ. ಎಷ್ಟು ಹೊತ್ತೆಂದು ಹೇಳಲಾರೆ. ಐದು ತಿಂಗಳಂತೂ ಆಗಿರಲಿಲ್ಲ.

"ಬಂತು" ಎಂದರು ಮಾವ.

"ಬಿಟ್ಟೆ" ಎಂದು, ಆಮೇಲೆ ಬಿಟ್ಟೆ.

ತುದಿಯಲ್ಲಿ ಗಾಳಿ ಜೋರಾಗಿತ್ತು. ಇಡೀ ಊರು ಕಾಣುತ್ತಿತ್ತು. ನಮ್ಮ ಕಟ್ಟಡ, ಅದರ ಸುತ್ತ ನಾವು ಕಟ್ಟಿದ ಸಾರುವೆ, ಬೆಂಕಿಕಡ್ಡಿ ಅಂಟಿಸಿದ ಹಾಗೆ. ಮಾವ ನೀರಿನ ಬಾಟಲಿಯನ್ನು ಒಂದೇ ಕೈಯಲ್ಲಿ ಎತ್ತಿ ಗಟಗಟ ಕುಡಿದರು. ಅತ್ತಿಗೆ ಅದನ್ನು ನೋಡಿ, ನನ್ನನ್ನು ನೋಡಿ, "ಏನಾಯ್ತು ಕೆಳಗೆ?" ಎಂದರು.

"ಆವತ್ತು ಬಿದ್ದಿತ್ತಲ್ಲ ಪೈಪು, ಅದು ಇವತ್ತು ಸಿಕ್ತು" ಎಂದರು ಮಾವ.  ಬಿಸ್ಕತ್ತಿನ ಡಬ್ಬಿ ಸುತ್ತು ಬಂದಾಗ ಅದನ್ನು ನನ್ನ ಕೈಗೆ ಕೊಡದೆ ನಮ್ಮಿಬ್ಬರ ನಡುವಿನ ಕಲ್ಲಿನ ಮೇಲಿಟ್ಟರು.

ಇಳಿಯುವಾಗ ಜಲ್ಲಿಯ ಇಳಿಜಾರಿನಲ್ಲಿ ಅವರು ನನಗಾಗಿ ನಿಂತರು.

"ಫೋರ್‌ಮನ್‌ಗೆ ನಾನು ಹೇಳಲ್ಲ" ಎಂದರು. "ಹೇಳೋದಿದ್ರೆ ನೀನೇ ಹೇಳ್ಬೇಕು."

"ಹೇಳ್ತೀನಿ."

"ಪರ್ಮಿಟ್ಟು?"

"ಆಗಿದೆ. ನೀವು ಸ್ಟೋರಿಗೆ ಹೋದ ವಾರವೇ ಆಯ್ತು."

"ಹೂಂ" ಎಂದರು. ಅದು ಹತ್ತುವಾಗಿನ ಹೂಂ ಅಲ್ಲ.

ಮರುದಿನ ಬೆಳಿಗ್ಗೆ ಫೋರ್‌ಮನ್ ಹತ್ತಿರ ಹೋದೆ. ಅವನ ಭಾಷೆ ನನಗೆ ಅಷ್ಟಕ್ಕಷ್ಟೇ. ಮೇಜಿನ ಮೇಲಿದ್ದ ಪೆನ್ನನ್ನು ಎತ್ತಿ ಹಿಡಿದು, ಮೊದಲು "ಬಿಟ್ಟೆ" ಎಂದೆ. ಪೆನ್ನು ಬಿದ್ದಮೇಲೆ "ಬಂತು" ಎಂದೆ. ಅವನಿಗೆ ಒಂದೇ ಸಲಕ್ಕೆ ಅರ್ಥವಾಯಿತು. ಬಗ್ಗಿ ಪೆನ್ನನ್ನು ಎತ್ತಿಕೊಂಡ. ಆಮೇಲೆ ಅದೇ ಪೆನ್ನಿನಿಂದ ನನ್ನ ಹೆಸರಿನ ಮುಂದೆ ಬರೆದ: ಎಚ್ಚರಿಕೆ ಪತ್ರ ಒಂದು, ಆರು ತಿಂಗಳು ಸ್ಟೋರು. ಮಾವ ಸಹಿಯಿಲ್ಲದ ಕಾಗದವನ್ನು ಅವನ ಮೇಜಿನ ಮೇಲಿಟ್ಟು ಬೆಲ್ಟು ಕಟ್ಟಿಕೊಂಡು ಮೇಲೆ ಹತ್ತಿದರು. ಹೊಸ ಜೋಡಿ ಕೊಟ್ಟಿದ್ದಾರೆ, ಬೇರೆ ದೇಶದವನು, ಗಂಟಲು ದೊಡ್ಡದು. ಒಬ್ಬರು ಅಂದ ಮೇಲೆ ಇನ್ನೊಬ್ಬರು ಅನ್ನುವುದು ಕೆಳಗೆ ಈ ಸ್ಟೋರಿಗೂ ಕೇಳಿಸುತ್ತದೆ, ನಡುವೆ ಒಂದು ಉಸಿರಿನಷ್ಟು ಜಾಗ ಬಿಟ್ಟು.

ಡ್ರೈವರನ ಮಗಳಿಗೆ ಹಬ್ಬವೋ ಹಬ್ಬ. ಮಾವ ಸಂಜೆ ಬಂದವರೇ ಅವಳನ್ನು ಸೂರಿಗೆ ತಾಗುವಷ್ಟು ಎಸೆದು ಹಿಡಿಯುತ್ತಾರೆ. ಅತ್ತಿಗೆ ಕಣ್ಣು ಮುಚ್ಚಿಕೊಳ್ಳುತ್ತಾರೆ. ಡ್ರೈವರ್ ಮಾತ್ರ, ಆವತ್ತಿನ ಅವಸರಕ್ಕೆ ತನ್ನ ಹಾರನ್ನೂ ಕಾರಣ ಎಂದು ಗೊತ್ತಾದ ದಿನದಿಂದ, ಸಂಜೆ ಹಾರನ್ ಮುಟ್ಟದೆ ಬಸ್ಸಿನ ಹತ್ತಿರ ಬೀಡಿ ಸೇದುತ್ತಾ ನಿಂತು ಕಾಯುತ್ತಾನೆ.

ಟೀ ನಾವು ಈಗಲೂ ಒಟ್ಟಿಗೇ ಕುಡಿಯುತ್ತೇವೆ, ಅದೇ ರೂಮು, ಅದೇ ಚಾಪೆ. ಮಾತು ಕೆಲಸಕ್ಕೆ ಬೇಕಾದಷ್ಟು. ದಿನಾ ಬೆಳಿಗ್ಗೆ ಕ್ಲಾಂಪಿನ ಬಕೆಟ್ಟಿಗೆಂದು ಮಾವ ಸ್ಟೋರಿಗೆ ಬರುತ್ತಾರೆ.

"ಎಷ್ಟು?"

"ಅರವತ್ತು, ಮಾವ."

"ಎಣಿಸಿದ್ದೀಯಾ?"

"ಎರಡು ಸಲ."

ಅವರು ಬಕೆಟ್ಟನ್ನು ನೆಲಕ್ಕೆ ಸುರಿದು, ಕುಕ್ಕರಗಾಲಿನಲ್ಲಿ ಕೂತು, ಒಂದೊಂದನ್ನೇ ಮತ್ತೆ ಎಣಿಸುತ್ತಾರೆ. ಹಿಂದೆ ಇಟ್ಟಿಗೆಯವರು, ಬಣ್ಣದವರು ಸರದಿಯಲ್ಲಿ ನಿಂತು ಗೊಣಗುತ್ತಾರೆ. ನಾನು ಅವರಿಗೆ, ಸ್ವಲ್ಪ ತಡೀರಿ ಅನ್ನುತ್ತೇನೆ. ಅರವತ್ತು ಮುಗಿದ ಮೇಲೆ ಬಕೆಟ್ಟನ್ನು ಮತ್ತೆ ತುಂಬಿ, ಎತ್ತಿ ಅವರತ್ತ ಚಾಚುತ್ತೇನೆ. ಅವರು ಒಂದು ಕೈಯಲ್ಲಿ ಹಿಡಿಯುತ್ತಾರೆ. ನಾನು ಬಿಡುವುದಿಲ್ಲ. ಅವರ ಬಾಯನ್ನೇ ನೋಡುತ್ತಾ ನಿಲ್ಲುತ್ತೇನೆ.